ಕೊಕೊಪೆಲ್ಲಿ ಹಾದಿ: ಕಂತು ಕಂತಾಗಿ ದಾಟುವ ಮರುಭೂಮಿ

ಆಷಾಢ ಏಕಾದಶಿಗೆ ಪಂಢರಪುರ ತಲುಪಲೆಂದು ಆಳಂದಿಯಿಂದ ಹೊರಡುವ ಸಂತ ಜ್ಞಾನೇಶ್ವರರ ಪಾಲಕಿ ಪುಣೆ ನಗರದೊಳಗೆ ಬರುವ ದೃಶ್ಯ ಮಹಾರಾಷ್ಟ್ರದ ಕನ್ನಡಿಗರಿಗೆ ಹೊಸತಲ್ಲ. ಸುಮಾರು 250 ಕಿ.ಮೀ. ದಾರಿ, ಹೆಚ್ಚು ಕಡಿಮೆ ಮೂರು ವಾರಗಳ ನಡಿಗೆ. ಅಷ್ಟು ದಿನದ ರಜೆ ನೌಕರಿಯಲ್ಲಿರುವವರಿಗೆ ಎಲ್ಲಿಂದ ಸಿಗಬೇಕು? ಹಾಗಾಗಿ ಅನೇಕರು ಆಳಂದಿಯಿಂದ ಪುಣೆಯವರೆಗೆ ಒಂದು ದಿನ, ಇಲ್ಲವೇ ದಿವೆ ಘಾಟಿ ಏರುವ ಒಂದು ದಿನ ದಿಂಡಿಯ ಜತೆ ಹೆಜ್ಜೆ ಹಾಕಿ, ಸಂಜೆ ಬಸ್ಸು ಹಿಡಿದು ಮನೆಗೆ ಮರಳುತ್ತಾರೆ. ಈ ವರ್ಷ ಒಂದು ಮುಕ್ಕಾಮು, ಮುಂದಿನ ವರ್ಷ ಇನ್ನೊಂದು. ಅವರ ವಾರಿ ಅರ್ಧಂಬರ್ಧವಾಯಿತೆಂದು ಯಾರೂ ಹೀಗಳೆಯುವುದಿಲ್ಲ.

ಇದೇ ಕ್ರಮವನ್ನು ಸಾವಿರಾರು ಮೈಲಿ ದೂರದ ಅಮೆರಿಕದ ಮರುಭೂಮಿಯಲ್ಲಿ ಸೈಕಲ್ ಸವಾರರು ಅನುಸರಿಸುತ್ತಿದ್ದಾರೆ. ಕೊಲೊರಾಡೊ ರಾಜ್ಯದ ಲೋಮಾ ಎಂಬ ಪುಟ್ಟ ಊರಿನಿಂದ ಯೂಟಾ ರಾಜ್ಯದ ಮೋವಾಬ್ ಪಟ್ಟಣದವರೆಗೆ ಕೆಂಪು ಬಂಡೆಗಳ ಕಮರಿಗಳ ಅಂಚಿನಲ್ಲಿ ಸಾಗುವ ಈ ದಾರಿಯ ಹೆಸರು ಕೊಕೊಪೆಲ್ಲಿ ಹಾದಿ. ಉದ್ದ ಸುಮಾರು 142 ಮೈಲಿ, ಅಂದರೆ ಸುಮಾರು 228 ಕಿ.ಮೀ. ಪಳಗಿದ ಸ್ಪರ್ಧಿಗಳು ಇದನ್ನು ಒಂದೇ ದಿನದೊಳಗೆ ಮುಗಿಸಿದ್ದುಂಟು. ಸಾಮಾನ್ಯ ಸವಾರರಿಗೆ ಮೂರರಿಂದ ಆರು ದಿನ ಬೇಕು. ಆದರೆ ಒಂದೇ ಉಸಿರಿಗೆ ಮುಗಿಸುವ ಹಟ ಬಿಟ್ಟು, ಎರಡೆರಡು ದಿನಗಳ ಕಂತಿನಲ್ಲಿ, ಕೆಲವೊಮ್ಮೆ ಎರಡು ಮೂರು ವರ್ಷಗಳಲ್ಲಿ ಇದನ್ನು ಪೂರೈಸುವವರೂ ಇದ್ದಾರೆ. ಅವರ ಈ ಜಾಣ್ಮೆಯ ಹಿಂದೆ ಜೀವದ ಲೆಕ್ಕವೊಂದು ಅಡಗಿದೆ.

ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದಿಲ್ಲಿಗಳ ಕನ್ನಡಿಗರ ಮನೆಗಳಿಗೆ ಈ ವಿಷಯ ತೀರಾ ದೂರದ್ದೇನೂ ಅಲ್ಲ. ಮಗನೋ ಮಗಳೋ ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಕುಟುಂಬಗಳು ನಮ್ಮ ಸಂಘ-ಸಂಸ್ಥೆಗಳಲ್ಲಿ ಬೇಕಾದಷ್ಟಿವೆ. ವಾರಾಂತ್ಯಕ್ಕೆ ಸೋಮವಾರವೊಂದು ಸೇರಿಕೊಂಡರೆ ಸಾಕು, ಅಲ್ಲಿನ ಯುವಕ ಯುವತಿಯರು ಸೈಕಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬೆಟ್ಟ, ಕಮರಿಗಳ ಕಡೆ ಹೊರಡುತ್ತಾರೆ. ಇಲ್ಲಿ ಕುಳಿತ ತಂದೆ-ತಾಯಿಗೆ ಮರುದಿನ ಫೋನಿನಲ್ಲಿ ಬರುವುದು ಒಂದೆರಡು ಚಿತ್ರ ಮಾತ್ರ. ಆ ಚಿತ್ರದಲ್ಲಿ ಕಾಣದ ಸಂಗತಿಗಳು ಹಲವಿವೆ.

ಕೊಳಲೂದುವ ಗೂನುಬೆನ್ನಿನವನು

ಅಮೆರಿಕದ ನೈಋತ್ಯ ಭಾಗದ ಬಂಡೆಗಳ ಮೇಲೆ ಅಲ್ಲಿನ ಮೂಲನಿವಾಸಿಗಳು ಶತಮಾನಗಳ ಹಿಂದೆ ಕೊರೆದಿಟ್ಟ ಚಿತ್ರಗಳಲ್ಲಿ ಗೂನು ಬೆನ್ನಿನ, ಕೊಳಲೂದುವ ಆಕೃತಿಯೊಂದು ಮತ್ತೆ ಮತ್ತೆ ಕಾಣಸಿಗುತ್ತದೆ. ಹೋಪಿ ಹಾಗೂ ಇತರ ಪ್ಯೂಬ್ಲೊ ಜನಾಂಗಗಳ ನಂಬಿಕೆಯಲ್ಲಿ ಈತ ಬೆಳೆ ಮತ್ತು ಸಂತಾನ ಕೊಡುವ ಕೊಕೊಪೆಲ್ಲಿ. ಕೊಳಲು ಎಂದೊಡನೆ ಗೋಪಾಲಕೃಷ್ಣನನ್ನು ನೆನೆಯುವ ನಮ್ಮವರಿಗೆ ಈ ಆಕೃತಿ ಕಂಡೊಡನೆ ಆಪ್ತವೆನಿಸಿದರೆ ಆಶ್ಚರ್ಯವಿಲ್ಲ. ಇಂದು ಅಲ್ಲಿನ ಅಂಗಡಿಗಳ ಬನಿಯನು, ಬಟ್ಟಲುಗಳ ಮೇಲೂ ಇವನೇ ಕುಳಿತಿದ್ದಾನೆ.

ಈ ನೆಲದಲ್ಲಿ ತಲೆತಲಾಂತರದಿಂದ ಬಾಳಿದ ಯೂಟ್ ಜನಾಂಗದ ದೊಡ್ಡ ಭಾಗವನ್ನು 1881ರಲ್ಲಿ ಪಶ್ಚಿಮ ಕೊಲೊರಾಡೊದಿಂದ ಬಲವಂತವಾಗಿ ಹೊರಗೆ ಕಳುಹಿಸಲಾಯಿತು. ಯೂಟಾ ರಾಜ್ಯದ ಹೆಸರಿನಲ್ಲಿ ಉಳಿದುಕೊಂಡಿರುವುದು ಅದೇ ಜನಾಂಗದ ಹೆಸರು. ಆ ಬಳಿಕ ರೈಲು ಬಂತು, ದನಗಾಹಿಗಳು ಬಂದರು. 1952ರಲ್ಲಿ ಚಾರ್ಲಿ ಸ್ಟೀನ್ ಎಂಬ ಭೂವಿಜ್ಞಾನಿ ಮೋವಾಬ್ ಬಳಿ ಯುರೇನಿಯಂ ನಿಕ್ಷೇಪ ಪತ್ತೆ ಮಾಡಿದ ಮೇಲೆ ಅದೃಷ್ಟ ಅರಸಿ ಬಂದವರ ದಂಡೇ ಸೇರಿತು. ಅದಿರು ಹುಡುಕುವವರು ಬಂಡೆಗಳ ನಡುವೆ ಕಡಿದ ಕಚ್ಚಾ ರಸ್ತೆಗಳು ಈ ಪ್ರದೇಶದಲ್ಲಿ ಇಂದಿಗೂ ಇವೆ. ಯುರೇನಿಯಂ ಭರಾಟೆ ಇಳಿದ ಮೇಲೆ ಆ ರಸ್ತೆಗಳು ಸೈಕಲ್ ಮತ್ತು ಜೀಪ್ ಸವಾರರ ಪಾಲಾದವು.

ಹಳೆಯ ಗಾಡಿದಾರಿಗಳಿಗೆ ಹೊಸ ಕಾಲುದಾರಿಗಳನ್ನು ಜೋಡಿಸಿ ಎರಡು ರಾಜ್ಯಗಳ ನಡುವೆ ಒಂದು ಅಖಂಡ ಸೈಕಲ್ ಹಾದಿಯನ್ನು ರೂಪಿಸಿದ್ದು 1989ರಲ್ಲಿ. ಗ್ರ್ಯಾಂಡ್ ಜಂಕ್ಷನ್ ಭಾಗದ ಸೈಕಲ್ ಪ್ರಿಯರು ಕಟ್ಟಿದ ಸಂಘವೊಂದು ಸರಕಾರದ ಭೂ ನಿರ್ವಹಣಾ ಇಲಾಖೆಯ ಜತೆ ಕೈಜೋಡಿಸಿ ಈ ಕೆಲಸ ಮಾಡಿತು. ಸ್ವಯಂಸೇವಕರೇ ಸಲಿಕೆ ಹಿಡಿದು ಕಾಲುದಾರಿ ಬಿಡಿಸಿದರು. ಸಂಘಟನೆಯ ಶಕ್ತಿ ಏನೆಂಬುದನ್ನು ಹೊರನಾಡಿನಲ್ಲಿ ಭವನ, ಶಾಲೆಗಳನ್ನು ಕಟ್ಟಿ ಬೆಳೆಸಿದ ನಮ್ಮ ಸಂಘಗಳ ಕಾರ್ಯಕರ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೈಕಲ್ಲೇ ಮನೆ

ಸೈಕಲ್ಲಿಗೇ ಮಲಗುವ ಚೀಲ, ಡೇರೆ, ಒಲೆ, ಊಟ, ನೀರು ಎಲ್ಲವನ್ನೂ ಕಟ್ಟಿಕೊಂಡು ಕಚ್ಚಾ ದಾರಿಯಲ್ಲಿ ದಿನಗಟ್ಟಲೆ ಸಾಗುವುದಕ್ಕೆ ಬೈಕ್‌ಪ್ಯಾಕಿಂಗ್ ಎನ್ನುತ್ತಾರೆ. ಡಾಂಬರು ರಸ್ತೆಯ ದೂರ ಪ್ರವಾಸಕ್ಕೆ ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ದೊಡ್ಡ ಚೀಲ ಇಳಿಬಿಟ್ಟರೆ ನಡೆಯುತ್ತದೆ. ಕಲ್ಲು ಬಂಡೆಗಳ ಮೇಲೆ ಆ ಚೀಲಗಳು ಕುಣಿದು ಕಿತ್ತು ಬರುತ್ತವೆ, ಇಕ್ಕಟ್ಟಿನ ದಾರಿಯಲ್ಲಿ ಬಂಡೆಗೆ ತಾಗುತ್ತವೆ. ಆದ್ದರಿಂದ ಇಲ್ಲಿ ಸಾಮಾನನ್ನು ಮೈಗೆ ಅಂಟಿದಂತೆ ಕಟ್ಟುತ್ತಾರೆ: ಹ್ಯಾಂಡಲ್ಲಿಗೆ ಸುತ್ತಿದ ಒಂದು ಉದ್ದನೆಯ ಚೀಲ, ಸೀಟಿನ ಕೆಳಗೆ ಒಂದು, ಚೌಕಟ್ಟಿನ ತ್ರಿಕೋನದೊಳಗೆ ಒಂದು. ಭಾರವಾದ ವಸ್ತು, ಮುಖ್ಯವಾಗಿ ನೀರು, ಆದಷ್ಟು ಕೆಳಗೆ ಹಾಗೂ ಮಧ್ಯದಲ್ಲಿರಬೇಕು. ಮೇಲೆ ಭಾರವಾದರೆ ಇಳಿಜಾರಿನಲ್ಲಿ ಸೈಕಲ್ ಸವಾರನ ಮಾತು ಕೇಳುವುದಿಲ್ಲ.

ಮೊದಲ ಕಂತು: ಲೋಮಾದಿಂದ ರ‍್ಯಾಬಿಟ್ ವ್ಯಾಲಿ

ಲೋಮಾ ಊರು ಇರುವುದು ಐ-70 ಎಂಬ ರಾಷ್ಟ್ರೀಯ ಹೆದ್ದಾರಿಯ 15ನೇ ನಿರ್ಗಮನದಲ್ಲಿ. ರ‍್ಯಾಬಿಟ್ ವ್ಯಾಲಿ ಇರುವುದು 2ನೇ ನಿರ್ಗಮನದಲ್ಲಿ. ನಡುವೆ ಕೇವಲ 13 ಮೈಲಿ, ಕಾರಿನಲ್ಲಿ ಕಾಲು ಗಂಟೆಯ ಹಾದಿ. ಆದರೆ ಸಾಮಾನು ಹೇರಿದ ಸೈಕಲ್ಲಿಗೆ ಅದೇ ಅಂತರ ಇಡೀ ದಿನವನ್ನೇ ನುಂಗಬಹುದು. ದಾರಿ ನೇರವಾಗಿ ಹೋಗದೆ ಕೊಲೊರಾಡೊ ನದಿಯ ಮೇಲಿನ ಬಂಡೆಗಳ ಅಂಚನ್ನು ಹಿಡಿದು ಒಳಗೆ ಹೊರಗೆ ಸುತ್ತುತ್ತದೆ. ಒಂದು ಚಕ್ರ ಹಿಡಿಯುವಷ್ಟೇ ಅಗಲದ ಕಾಲುದಾರಿ, ಎಡಗಡೆ ನೂರಾರು ಅಡಿ ಆಳದಲ್ಲಿ ನದಿ.

ಆ ನದಿಯ ದಂಡೆಯಲ್ಲೇ ರೈಲು ಹಳಿಯೂ ಇದೆ. ಶಿಕಾಗೋ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ನಡುವೆ ಓಡುವ ಕ್ಯಾಲಿಫೋರ್ನಿಯಾ ಜೆಫಿರ್ ರೈಲು ಈ ರೂಬಿ ಕಮರಿಯ ಮೂಲಕವೇ ಸಾಗುತ್ತದೆ. ಎರಡು ರಾಜ್ಯಗಳ ಗಡಿಯನ್ನು ಕಮರಿಯ ಬಂಡೆಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಕಿಟಕಿ ಬಿಟ್ಟು ಕದಲದ ಮುಂಬಯಿಗರಿಗೆ ಅಲ್ಲಿನ ಪ್ರಯಾಣಿಕರ ಸಂಭ್ರಮ ಅರ್ಥವಾದೀತು.

ಮಧ್ಯದಲ್ಲಿ ಸಾಲ್ಟ್ ಕ್ರೀಕ್ ಎಂಬ ಹಳ್ಳ ಸಿಗುತ್ತದೆ. ಹೆಸರೇ ಹೇಳುವಂತೆ ಅದು ಉಪ್ಪು ಹಳ್ಳ. ಅಲ್ಲಿಗೆ ಇಳಿದ ಮೇಲೆ ಮತ್ತೆ ಮೇಲೇರುವಾಗ ಸೈಕಲನ್ನು ತುಳಿಯುವ ಪ್ರಶ್ನೆಯೇ ಇಲ್ಲ, ತಳ್ಳಬೇಕು ಇಲ್ಲವೇ ಹೊರಬೇಕು. ಮೊದಲ ದಿನವೇ ಎದುರಾಗುವ ಈ ಏರು ಹಲವರ ಲೆಕ್ಕಾಚಾರವನ್ನು ತಲೆಕೆಳಗು ಮಾಡುತ್ತದೆ. ಆದರೂ ಹೊಸಬರಿಗೆ ಇದೇ ಅತ್ಯಂತ ಯೋಗ್ಯವಾದ ಕಂತು. ಹೆದ್ದಾರಿ ಉತ್ತರ ದಿಕ್ಕಿನಲ್ಲಿ ಕೆಲವೇ ಮೈಲಿ ದೂರದಲ್ಲಿರುವುದರಿಂದ ಕೈಸೋತರೆ ಹೊರಬರಲು ದಾರಿಯುಂಟು. ರ‍್ಯಾಬಿಟ್ ವ್ಯಾಲಿಯಲ್ಲಿ ಡೈನೊಸಾರ್‌ಗಳ ಪಳೆಯುಳಿಕೆ ಅಗೆದು ತೆಗೆಯುವ ಪ್ರಸಿದ್ಧ ತಾಣವೊಂದಿದ್ದು, ಮಕ್ಕಳಿರುವ ಕುಟುಂಬಗಳು ಸವಾರರನ್ನು ಬೀಳ್ಕೊಟ್ಟು ಅಲ್ಲಿ ದಿನ ಕಳೆಯಬಹುದು.

ಎರಡನೇ ಕಂತು: ನೆರಳಿಲ್ಲದ ಬಯಲು

ರ‍್ಯಾಬಿಟ್ ವ್ಯಾಲಿಯಿಂದ ಪಶ್ಚಿಮಕ್ಕೆ ಸಾಗಿದರೆ ಯೂಟಾ ರಾಜ್ಯ. ವೆಸ್ಟ್‌ವಾಟರ್ ಎಂಬಲ್ಲಿ ನದಿ ದಂಡೆಗೆ ಇಳಿಯಬಹುದು. ನದಿಯಲ್ಲಿ ರಬ್ಬರು ದೋಣಿ ನಡೆಸುವವರು ಹೊರಡುವ ಜಾಗವದು. ಅಲ್ಲಿಂದ ಸಿಸ್ಕೋ ಮಾರ್ಗವಾಗಿ ಡ್ಯೂಯಿ ಸೇತುವೆಯವರೆಗೆ ಬಹುಪಾಲು ಬೋಳು ಬಯಲು. ಎತ್ತರ ತಗ್ಗು ಕಡಿಮೆಯಾದ್ದರಿಂದ ನಕಾಶೆಯಲ್ಲಿ ಸುಲಭವೆಂದು ಕಾಣುತ್ತದೆ. ವಾಸ್ತವದಲ್ಲಿ ಹೆಚ್ಚಿನವರು ದಣಿಯುವುದು ಇಲ್ಲೇ, ಏಕೆಂದರೆ ಮೈಲಿಗಟ್ಟಲೆ ಒಂದು ಮರವೂ ಇಲ್ಲ.

ಸಿಸ್ಕೋ ಒಂದು ಕಾಲದಲ್ಲಿ ಉಗಿಬಂಡಿಗಳಿಗೆ ನೀರು ತುಂಬಿಸುವ ರೈಲು ಊರಾಗಿತ್ತು. ಉಗಿಬಂಡಿ ಹೋಗಿ ಡೀಸೆಲ್ ಬಂತು, ಹೊಸ ಹೆದ್ದಾರಿ ಊರನ್ನು ಬದಿಗೊತ್ತಿತು. ಈಗ ಉಳಿದಿರುವುದು ಕುಸಿದ ಮನೆಗಳು, ತುಕ್ಕು ಹಿಡಿದ ವಾಹನಗಳು ಮತ್ತು ಬೆರಳೆಣಿಕೆಯ ನಿವಾಸಿಗಳು. ಗಿರಣಿಗಳು ಮುಚ್ಚಿದಾಗ ಮಧ್ಯ ಮುಂಬಯಿಯ ಕೇರಿಗಳು ಹೇಗೆ ಬದಲಾದವೆಂಬುದನ್ನು ಕಣ್ಣಾರೆ ಕಂಡವರಿಗೆ, ಒಂದೇ ಕಸುಬನ್ನು ನಂಬಿದ ಊರಿನ ಗತಿ ಏನಾಗುತ್ತದೆಂದು ಸಿಸ್ಕೋ ಮತ್ತೊಮ್ಮೆ ನೆನಪಿಸುತ್ತದೆ.

ಡ್ಯೂಯಿಯಲ್ಲಿ ಕೊಲೊರಾಡೊ ನದಿಗೆ 1916ರಲ್ಲಿ ಕಟ್ಟಿದ ತೂಗುಸೇತುವೆಯೊಂದಿತ್ತು. 1988ರಲ್ಲಿ ಪಕ್ಕದಲ್ಲೇ ಕಾಂಕ್ರೀಟು ಸೇತುವೆ ಬಂದ ಮೇಲೆ ಹಳೆಯದು ಪಾದಚಾರಿಗಳಿಗೂ ಸೈಕಲ್ಲಿಗರಿಗೂ ಮೀಸಲಾಯಿತು. 2008ರ ಏಪ್ರಿಲ್‌ನಲ್ಲಿ ಮಗುವೊಂದು ಬೆಂಕಿಕಡ್ಡಿಯೊಡನೆ ಆಡುತ್ತಿದ್ದಾಗ ಹತ್ತಿದ ಬೆಂಕಿಗೆ ಅದರ ಮರದ ಹಾಸು ಸುಟ್ಟು ಬೂದಿಯಾಯಿತು. ಬರೇ ತಂತಿ ಮತ್ತು ಗೋಪುರಗಳು ಉಳಿದವು. ಒಂದು ಕಡ್ಡಿಗೆ ತೊಂಬತ್ತೆರಡು ವರ್ಷದ ಸೇತುವೆ ಆಹುತಿಯಾದ ಜಾಗದಲ್ಲಿ ನಿಂತರೆ, ಮರುಭೂಮಿಯಲ್ಲಿ ಒಲೆ ಹಚ್ಚುವಾಗ ಎಷ್ಟು ಜಾಗ್ರತೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮೂರನೇ ಕಂತು: ಮುಳ್ಳಯ್ಯನಗಿರಿಗಿಂತ ಎತ್ತರ

ಡ್ಯೂಯಿ ಸೇತುವೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 4,100 ಅಡಿ ಎತ್ತರದಲ್ಲಿ. ಅಲ್ಲಿಂದ ಹಾದಿ ಲಾ ಸಾಲ್ ಪರ್ವತಗಳ ತಪ್ಪಲಿನಲ್ಲಿ ಸುಮಾರು 8,500 ಅಡಿಯವರೆಗೆ ಏರುತ್ತದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಈ ಹಾದಿಯ ನೆತ್ತಿ ಸುಮಾರು 2,590 ಮೀಟರ್. ಇಡೀ ಹಾದಿಯ ಏರಿನಲ್ಲಿ ದೊಡ್ಡ ಪಾಲು ಈ ಕಂತಿನಲ್ಲೇ ಇದೆ.

ನಡುವೆ ಸಿಗುವ ರೋಸ್ ಗಾರ್ಡನ್ ಹಿಲ್ ಎಂಬ ಇಳಿಜಾರಿಗೆ ಗುಲಾಬಿ ತೋಟವೆಂಬ ಹೆಸರಿದ್ದರೂ ಅಲ್ಲಿರುವುದು ಉರುಳುವ ಕಲ್ಲುಗಳು ಮಾತ್ರ. ಸಾಮಾನು ಹೇರಿದ ಸೈಕಲ್ಲಿನಿಂದ ಇಳಿದು ನಡೆಯುವುದೇ ಬುದ್ಧಿವಂತಿಕೆ. ಅದರ ಕೆಳಗೆ ಫಿಶರ್ ಕಣಿವೆ. ಇಲ್ಲಿಂದ ಆನಿಯನ್ ಕ್ರೀಕ್ ಹಳ್ಳದ ಪಕ್ಕದ ಕಚ್ಚಾ ರಸ್ತೆ ಹಿಡಿದರೆ 128ನೇ ರಾಜ್ಯ ಹೆದ್ದಾರಿಗೆ ಇಳಿಯಬಹುದು. ಹೀಗಾಗಿ ಕಂತು ಮುರಿಯುವುದಕ್ಕೆ ಇದು ಅನುಕೂಲದ ಜಾಗ. ಆದರೆ ಆ ಹಳ್ಳದ ನೀರಿಗೆ ಖನಿಜ ಒರತೆಯೊಂದು ಬಂದು ಸೇರುವುದರಿಂದ ಅದು ಕುಡಿಯಲು ಯೋಗ್ಯವಲ್ಲ. ನೀರು ಕಣ್ಣೆದುರು ಹರಿಯುತ್ತಿದ್ದರೂ ಬಾಟಲಿ ಖಾಲಿಯೇ. ಈ ಹೆದ್ದಾರಿಯ ಬದಿಯ ಕಣಿವೆಗಳಲ್ಲೇ ಜಾನ್ ಫೋರ್ಡ್ ನಿರ್ದೇಶನದ, ಜಾನ್ ವೇನ್ ಅಭಿನಯದ 1950ರ ‘ರಿಯೋ ಗ್ರಾಂಡೆ’ ಚಿತ್ರೀಕರಣಗೊಂಡಿತ್ತು.

ಕೊನೆಯ ಕಂತು: ಮೋವಾಬಿನ ಇಳಿಜಾರು

ಪರ್ವತದ ತಪ್ಪಲಿನಲ್ಲಿ ಮರಗಳ ನೆರಳು, ತಂಪು ಗಾಳಿ. ಬಲಗಡೆ ಕ್ಯಾಸಲ್ ಕಣಿವೆಯ ಕೆಂಪು ಗೋಪುರಗಳಂಥ ಬಂಡೆಗಳು. ಬಾದಾಮಿಯ ಮರಳುಗಲ್ಲಿನ ಬೆಟ್ಟಗಳನ್ನು ಕಂಡವರಿಗೆ ಬಣ್ಣ ಪರಿಚಿತವೆನಿಸುತ್ತದೆ, ಆದರೆ ಅಲ್ಲಿನ ಗಾತ್ರವೇ ಬೇರೆ. ವಯಸ್ಸಿನಲ್ಲಿ ಮಾತ್ರ ಬಾದಾಮಿಯ ಬಂಡೆಗಳೇ ಎಷ್ಟೋ ಪಾಲು ಹಿರಿಯವು. ಅಲ್ಲಿಂದ ಸ್ಯಾಂಡ್ ಫ್ಲಾಟ್ಸ್ ರಸ್ತೆಯಲ್ಲಿ ಮೋವಾಬಿಗೆ ಉದ್ದನೆಯ ಇಳಿಜಾರು. ಹಾದಿ ಮುಗಿಯುವ ಜಾಗದಲ್ಲೇ ಜಗತ್ಪ್ರಸಿದ್ಧ ಸ್ಲಿಕ್‌ರಾಕ್ ಬಂಡೆದಾರಿ ಇದೆ. 1969ರಲ್ಲಿ ಮೋಟಾರು ಸೈಕಲ್ಲಿಗರಿಗೆಂದು ಗುರುತು ಮಾಡಿದ್ದ ಆ ದಾರಿಗೆ ಪ್ರಸಿದ್ಧಿ ತಂದುಕೊಟ್ಟವರು ಮುಂದೆ ಬಂದ ತುಳಿಯುವ ಸೈಕಲ್ಲಿಗರು.

ನೀರೇ ಎಲ್ಲದರ ಲೆಕ್ಕ

ಈ ಮರುಭೂಮಿಯಲ್ಲಿ ಪ್ರತಿಯೊಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು ಬೇಕೆಂಬುದು ಸಾಮಾನ್ಯ ಸೂಚನೆ. ಬಿಸಿಲಿನಲ್ಲಿ ಸೈಕಲ್ ತುಳಿಯುವವರಿಗೆ, ರಾತ್ರಿ ಅಡುಗೆಗೂ ಸೇರಿಸಿದರೆ ಏಳೆಂಟು ಲೀಟರ್ ಹಿಡಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ನೀರು ಸಿಗದ ಎರಡು ದಿನದ ದಾರಿಯೆಂದರೆ ಹದಿನಾರು ಕಿಲೋ ನೀರನ್ನೇ ಹೊರಬೇಕು, ಅದು ಬರೀ ಸೈಕಲ್ಲಿನ ತೂಕಕ್ಕಿಂತಲೂ ಹೆಚ್ಚಾದೀತು. ಭಾರ ಹೆಚ್ಚಿದಂತೆ ವೇಗ ತಗ್ಗುತ್ತದೆ, ವೇಗ ತಗ್ಗಿದಂತೆ ಇನ್ನಷ್ಟು ನೀರು ಬೇಕಾಗುತ್ತದೆ. ಈ ಸುಳಿಯಿಂದ ಪಾರಾಗಲು ಎರಡೇ ಉಪಾಯ. ಒಂದು, ಮೊದಲೇ ಕಾರಿನಲ್ಲಿ ಬಂದು ದಾರಿಯ ಗೊತ್ತಾದ ಜಾಗಗಳಲ್ಲಿ ನೀರಿನ ಡಬ್ಬಿ ಇಟ್ಟು, ಸವಾರಿ ಮುಗಿದ ಮೇಲೆ ಖಾಲಿ ಡಬ್ಬಿಗಳನ್ನು ತಪ್ಪದೆ ವಾಪಸು ತರುವುದು. ಇನ್ನೊಂದು, ಹಾದಿಯನ್ನೇ ತುಂಡರಿಸುವುದು.

ನದಿಯ ನೀರು ಸಿಕ್ಕರೂ ಅದು ಮಳೆಗಾಲದ ನಮ್ಮ ಹೊಳೆಗಳಂತೆ ಕೆನ್ನೀರು. ಕೊಲೊರಾಡೊ ಎಂಬ ಸ್ಪ್ಯಾನಿಷ್ ಪದದ ಅರ್ಥವೇ ಕೆಂಪು ಬಣ್ಣದ್ದು ಎಂದು. ನೇರವಾಗಿ ಸೋಸಿದರೆ ಫಿಲ್ಟರು ಹತ್ತು ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಪಾತ್ರೆಯಲ್ಲಿ ತುಂಬಿಟ್ಟು, ಚಿಟಿಕೆ ಪಟಿಕ ಆಡಿಸಿ, ಕೆಸರು ತಳಕ್ಕಿಳಿದ ಮೇಲೆ ತಿಳಿನೀರನ್ನು ಸೋಸಿ ಶುದ್ಧೀಕರಿಸುತ್ತಾರೆ. ಊರಿನಲ್ಲಿ ಅಜ್ಜಿಯಂದಿರು ಹೊಳೆನೀರಿನ ಹಂಡೆಯಲ್ಲಿ ಪಟಿಕದ ಕಲ್ಲು ತಿರುಗಿಸುತ್ತಿದ್ದ ಅದೇ ವಿದ್ಯೆ.

ಎರೆಮಣ್ಣು ಮತ್ತು ನೆಗ್ಗಿಲು

ಉತ್ತರ ಕರ್ನಾಟಕದಿಂದ ಬಂದ ಓದುಗರಿಗೆ ಈ ಹಾದಿಯ ಇನ್ನೆರಡು ಕಷ್ಟಗಳು ಚಿರಪರಿಚಿತ. ಗದಗ, ವಿಜಯಪುರ ಕಡೆಯ ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಕಾಲಿಟ್ಟವರಿಗೆ ಗೊತ್ತು, ಚಪ್ಪಲಿಗೆ ಮೆತ್ತಿದ ಮಣ್ಣು ಹೆಜ್ಜೆಹೆಜ್ಜೆಗೂ ಬೆಳೆಯುತ್ತದೆ. ನೀರು ಹೀರಿ ಉಬ್ಬುವ ಅದೇ ಜಾತಿಯ ಜೇಡಿ ಈ ಮರುಭೂಮಿಯ ಮಣ್ಣಿನಲ್ಲೂ ಇದೆ. ಅರ್ಧ ಗಂಟೆ ಮಳೆ ಬಂದರೆ ಸಾಕು, ಚಕ್ರ ಮತ್ತು ಚೌಕಟ್ಟಿನ ನಡುವೆ ಮಣ್ಣು ಗಾರೆಯಂತೆ ಕಚ್ಚಿ ಸೈಕಲ್ ಉರುಳುವುದೇ ಇಲ್ಲ. ತಳ್ಳಲೂ ಆಗದು. ಒಣಗುವವರೆಗೆ ಕಾಯುವುದೊಂದೇ ದಾರಿ. ಅದಕ್ಕೆಂದೇ ಅನುಭವಿಗಳು ಮಳೆಯ ಮುನ್ಸೂಚನೆ ಇದ್ದರೆ ಹೊರಡುವುದೇ ಇಲ್ಲ.

ಇನ್ನೊಂದು ನೆಗ್ಗಿಲ ಮುಳ್ಳು. ಬರಿಗಾಲಿನಲ್ಲಿ ಹೊಲಕ್ಕೆ ಹೋದವರನ್ನು ಅಳಿಸುವ, ಆಯುರ್ವೇದದಲ್ಲಿ ಗೋಕ್ಷುರವೆಂದು ಔಷಧಕ್ಕೆ ಬಳಸುವ ಅದೇ ಸಸ್ಯ ಸಮುದ್ರ ದಾಟಿ ಅಮೆರಿಕ ಸೇರಿ ಅಲ್ಲಿನ ಸೈಕಲ್ಲಿಗರ ಶತ್ರುವಾಗಿದೆ. ಅದರ ಕಾಯಿಯನ್ನು ಅವರು ಮೇಕೆತಲೆ ಎಂದು ಕರೆಯುತ್ತಾರೆ. ಸಾದಾ ಟ್ಯೂಬು ಒಂದೇ ದಿನದಲ್ಲಿ ಹತ್ತು ಕಡೆ ತೂತಾದೀತು. ಆದ್ದರಿಂದ ಟ್ಯೂಬಿಲ್ಲದ ಟಯರಿನೊಳಗೆ ತೂತನ್ನು ತಾನೇ ಮುಚ್ಚುವ ದ್ರವ ತುಂಬಿಕೊಳ್ಳುತ್ತಾರೆ.

ಎರಡು ಘಟನೆ, ಒಂದೇ ಪಾಠ

2003ರ ಏಪ್ರಿಲ್ 26ರಂದು ಏರನ್ ರಾಲ್ಸ್ಟನ್ ಎಂಬ 27ರ ತರುಣ ಯೂಟಾದ ಇನ್ನೊಂದು ಭಾಗದಲ್ಲಿ ಸೈಕಲ್ಲಿನಲ್ಲಿ ಹೋಗಿ, ಸೈಕಲನ್ನು ಬಿಟ್ಟು ಬ್ಲೂಜಾನ್ ಎಂಬ ಇಕ್ಕಟ್ಟಿನ ಕಮರಿಗೆ ಒಬ್ಬನೇ ಇಳಿದ. ಜಾರಿದ ಬಂಡೆಯೊಂದು ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಎಲ್ಲಿಗೆ ಹೋಗುತ್ತಿದ್ದೇನೆಂದು ಆತ ಯಾರಿಗೂ ಹೇಳಿರಲಿಲ್ಲ. ಐದು ದಿನ ಕಳೆದ ಮೇಲೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಈ ಕಥೆಯೇ 2010ರಲ್ಲಿ ‘127 ಅವರ್ಸ್’ ಎಂಬ ಚಲನಚಿತ್ರವಾಯಿತು. ಅದಕ್ಕೆ ಸಂಗೀತ ನೀಡಿದವರು ನಮ್ಮ ಎ.ಆರ್. ರೆಹಮಾನ್. ಚಿತ್ರ ನೋಡಿದವರು ಕೈ ಕತ್ತರಿಸುವ ದೃಶ್ಯವನ್ನು ನೆನಪಿಟ್ಟುಕೊಳ್ಳುತ್ತಾರೆ. ನೆನಪಿಡಬೇಕಾದ್ದು ಹೊರಡುವಾಗ ಮಾಡದೆ ಬಿಟ್ಟ ಒಂದು ಫೋನ್ ಕರೆಯನ್ನು.

2024ರ ಜುಲೈ 12ರಂದು ಮೋವಾಬ್ ಸಮೀಪದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ನಡೆದದ್ದು ಇನ್ನೂ ನೋವಿನ ಸಂಗತಿ. ಸುಮಾರು 13 ಕಿ.ಮೀ. ಸುತ್ತಿನ ಕಾಲುದಾರಿಯೊಂದಕ್ಕೆ ನಡೆದು ಹೋಗಿದ್ದ ತಂದೆ ಮತ್ತು 23ರ ಹರೆಯದ ಮಗಳು ದಾರಿ ತಪ್ಪಿದರು, ನೀರು ಮುಗಿಯಿತು. ತಾಪಮಾನ 38 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ತುರ್ತು ಸೇವೆಗೆ ಸಂದೇಶ ಹೋಗಿತ್ತು, ಆದರೆ ರಕ್ಷಕರು ತಲುಪುವಷ್ಟರಲ್ಲಿ ಇಬ್ಬರೂ ಪ್ರಾಣ ಬಿಟ್ಟಿದ್ದರು. ಹದಿಮೂರು ಕಿಲೋಮೀಟರ್ ಎಂದರೆ ದಾದರಿನಿಂದ ಅಂಧೇರಿಗೆ ಹೋಗುವಷ್ಟು ದೂರ. ಮರುಭೂಮಿಯಲ್ಲಿ ಕಿಲೋಮೀಟರಿನ ಲೆಕ್ಕಕ್ಕಿಂತ ಬಿಸಿಲಿನ ಗಂಟೆಗಳ ಲೆಕ್ಕ ದೊಡ್ಡದು.

ಕಂತಿನ ಲಾಭ, ಕಂತಿನ ನಷ್ಟ

ಕಂತಿನಲ್ಲಿ ಹೋಗುವುದರ ಅತಿ ದೊಡ್ಡ ಲಾಭ ಋತುವಿನದು. ಕೆಳಗಿನ ಮರುಭೂಮಿಗೆ ಏಪ್ರಿಲ್-ಮೇ ಹಿತ. ಆದರೆ ಆಗ ಲಾ ಸಾಲ್ ತಪ್ಪಲಿನ ಮೇಲಿನ ದಾರಿಯಲ್ಲಿ ಹಿಮ ಇನ್ನೂ ಕರಗದೆ ಉಳಿದಿರಬಹುದು. ಮೇಲೆ ಹಿಮ ಕರಗುವ ಜೂನ್ ವೇಳೆಗೆ ಕೆಳಗೆ ಬಯಲು ಬಾಣಲೆಯಾಗಿರುತ್ತದೆ. ಜುಲೈಯಿಂದ ಸೆಪ್ಟೆಂಬರ್ ತನಕ ಗುಡುಗು ಮಳೆ, ಒಣ ಹಳ್ಳಗಳಲ್ಲಿ ದಿಢೀರ್ ಪ್ರವಾಹದ ಭಯ. ಒಂದೇ ವಾರದಲ್ಲಿ ಇಡೀ ಹಾದಿಗೆ ಒಪ್ಪುವ ಹವೆ ಸಿಗುವುದು ಅಪರೂಪ. ತುಂಡು ಮಾಡಿದರೆ ವಸಂತದಲ್ಲಿ ಬಯಲನ್ನೂ ಬೇಸಿಗೆಯ ಕೊನೆಗೆ ಅಥವಾ ಶರತ್ಕಾಲದ ಆರಂಭಕ್ಕೆ ಬೆಟ್ಟವನ್ನೂ ಮುಗಿಸಬಹುದು. ಎರಡನೆಯದಾಗಿ, ಹೊರುವ ನೀರು ಮತ್ತು ಊಟ ಅರ್ಧಕ್ಕಿಳಿಯುತ್ತದೆ. ಮೂರನೆಯದು ಮನಸ್ಸಿಗೆ ಸಂಬಂಧಿಸಿದ್ದು. ನೂರು ಮೈಲಿ ಕ್ರಮಿಸಿದವನಿಗೆ ಇನ್ನು ನಲವತ್ತೇ ಉಳಿದಿದೆಯಲ್ಲ ಎಂಬ ಆಸೆ ಹುಟ್ಟಿ, ಹಿಂತಿರುಗಬೇಕಾದ ಹೊತ್ತಿನಲ್ಲಿ ಮುಂದಕ್ಕೆ ನೂಕುತ್ತದೆ. ಎರಡು ದಿನದ ಕಂತಿನವನಿಗೆ ಅಂಥ ಆಮಿಷ ಕಡಿಮೆ.

ನಷ್ಟವೂ ಇಲ್ಲದಿಲ್ಲ. ಪ್ರತಿ ಕಂತಿಗೂ ಎರಡು ತುದಿಯಲ್ಲಿ ಎರಡು ಕಾರು ನಿಲ್ಲಿಸಬೇಕು, ಇಲ್ಲವೇ ಬಾಡಿಗೆ ವಾಹನ ಹಿಡಿಯಬೇಕು. ಡೆನ್ವರಿನಿಂದ ಮೋವಾಬಿಗೆ ಸುಮಾರು 570 ಕಿ.ಮೀ., ಸಾಲ್ಟ್ ಲೇಕ್ ಸಿಟಿಯಿಂದ ಸುಮಾರು 375 ಕಿ.ಮೀ. ಪ್ರತಿ ಸಲವೂ ಈ ಓಡಾಟದ ಖರ್ಚು ಮತ್ತು ದಣಿವು ಇದ್ದದ್ದೇ. ಮೂರು ನಾಲ್ಕು ರಾತ್ರಿ ಸತತವಾಗಿ ನಕ್ಷತ್ರಗಳ ಕೆಳಗೆ ಮಲಗಿ ಏಳುವಾಗ ಊರಿನ ಗದ್ದಲ ಮನಸ್ಸಿನಿಂದ ಇಳಿದು ಹೋಗುವ ಸುಖ ಎರಡು ದಿನದವರಿಗೆ ಪೂರ್ತಿ ದಕ್ಕುವುದಿಲ್ಲ. ಇಷ್ಟನ್ನು ತೂಗಿ ನೋಡಿದರೂ ಸಂಸಾರವಂದಿಗರಿಗೆ, ನಲವತ್ತು ದಾಟಿದವರಿಗೆ, ಹೊಸದಾಗಿ ಕಲಿಯುವವರಿಗೆ ಕಂತಿನ ಸವಾರಿಯೇ ಸೂಕ್ತ.

ಕಾಲಿಡಬಾರದ ಮಣ್ಣು

ಈ ಮರುಭೂಮಿಯ ನೆಲದ ಮೇಲೆ ಅಲ್ಲಲ್ಲಿ ಕಪ್ಪಗೆ ಉಬ್ಬುಬ್ಬಾದ ಹೊಪ್ಪಳಿಕೆಯಂಥ ಪದರ ಕಾಣುತ್ತದೆ. ಅದು ಬರೀ ಮಣ್ಣಲ್ಲ. ಸೂಕ್ಷ್ಮಾಣುಗಳು, ಪಾಚಿ, ಕಲ್ಲುಹೂವುಗಳು ಸೇರಿ ಮರಳನ್ನು ಹಿಡಿದು ಹೆಣೆದ ಜೀವಂತ ಹೊದಿಕೆ. ಗಾಳಿಗೆ ಮರಳು ಹಾರದಂತೆ ತಡೆಯುವುದು, ಗಿಡಗಳಿಗೆ ಸಾರಜನಕ ಒದಗಿಸುವುದು ಅದೇ. ಒಂದು ಹೆಜ್ಜೆ, ಒಂದು ಟಯರಿನ ಗುರುತು ಬಿದ್ದರೆ ಮತ್ತೆ ಮೊದಲಿನಂತಾಗಲು ದಶಕಗಳೇ ಬೇಕು. ಹಾಗಾಗಿ ದಾರಿ ಬಿಟ್ಟು ಇಳಿಯಬಾರದೆಂಬುದು ಅಲ್ಲಿ ಕಟ್ಟುನಿಟ್ಟಿನ ನೇಮ. ತಂದ ಕಸವನ್ನು ಮಾತ್ರವಲ್ಲ, ಶೌಚವನ್ನೂ ಚೀಲದಲ್ಲಿ ಕಟ್ಟಿ ಹೊರಗೆ ಒಯ್ಯುವ ಪರಿಪಾಠವಿದೆ. ಮಳೆಗಾಲದ ಚಾರಣದ ನಂತರ ಸಹ್ಯಾದ್ರಿಯ ಕೋಟೆಗಳಲ್ಲಿ ಬಿದ್ದಿರುವ ಪ್ಲಾಸ್ಟಿಕ್ ರಾಶಿ ಕಂಡವರು ಈ ಶಿಸ್ತನ್ನು ಗಮನಿಸುವುದು ಒಳ್ಳೆಯದು.

ಮನೆಯವರು ಕೇಳಬೇಕಾದ ಮೂರು ಪ್ರಶ್ನೆ

ಹೊರಡುವ ಮುನ್ನ ಗ್ರ್ಯಾಂಡ್ ಜಂಕ್ಷನ್ ಅಥವಾ ಮೋವಾಬಿನ ಭೂ ನಿರ್ವಹಣಾ ಇಲಾಖೆಯ ಕಚೇರಿಯಲ್ಲಿ ದಾರಿ, ನೀರು, ಹವೆಯ ಸ್ಥಿತಿ ವಿಚಾರಿಸಬೇಕು. ದಾರಿಯ ಬಹುಭಾಗದಲ್ಲಿ ಫೋನು ಹಿಡಿಯುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಪುಟ್ಟ ಯಂತ್ರಗಳು ಸಿಗುತ್ತವೆ. 2022ರಿಂದ ಕೆಲವು ಮೊಬೈಲ್ ಫೋನುಗಳಲ್ಲೂ ಆ ಸೌಲಭ್ಯ ಬಂದಿದೆ. ಆದರೆ ಆಳವಾದ ಕಮರಿಯಲ್ಲಿ ಆಕಾಶವೇ ಕಾಣದಿದ್ದಾಗ ಉಪಗ್ರಹವೂ ಕೈಗೆಟುಕುವುದಿಲ್ಲ.

ಹಾಗಾಗಿ ಯಂತ್ರಕ್ಕಿಂತ ಮೊದಲು ಮನುಷ್ಯರು ಬೇಕು. ಮುಂಬಯಿಯಲ್ಲೋ ಪುಣೆಯಲ್ಲೋ ಕುಳಿತ ತಾಯಿ-ತಂದೆಗೆ ಸೈಕಲ್ಲಿನ ಗೇರು, ಟಯರುಗಳ ವಿದ್ಯೆ ತಿಳಿಯಬೇಕಾಗಿಲ್ಲ. ಹೊರಡುವ ಮಗನಿಗೆ, ಮಗಳಿಗೆ ಮೂರೇ ಪ್ರಶ್ನೆ ಕೇಳಿದರೆ ಸಾಕು: ಎಲ್ಲಿಂದ ಎಲ್ಲಿಗೆ? ಎಷ್ಟು ಲೀಟರ್ ನೀರು? ಯಾವ ದಿನ ಎಷ್ಟು ಗಂಟೆಗೆ ಫೋನ್ ಮಾಡುತ್ತಿ? ಉತ್ತರವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟು, ಹೇಳಿದ ಹೊತ್ತಿಗೆ ಕರೆ ಬಾರದಿದ್ದರೆ ಅಲ್ಲಿನ ಯಾರಿಗೆ ತಿಳಿಸಬೇಕೆಂಬುದನ್ನೂ ಕೇಳಿಟ್ಟುಕೊಳ್ಳಬೇಕು. ಹಿರಿಯರ ಕಿರಿಕಿರಿಯೆಂದು ಮಕ್ಕಳು ನಕ್ಕರೂ ಚಿಂತೆಯಿಲ್ಲ.

ಅರ್ಧ ದಾರಿಯಲ್ಲಿ ಹಿಂತಿರುಗಿ ಬಂದೆವೆಂದು ಅವರು ಸಂಕೋಚದಿಂದ ಹೇಳಿದರೆ ಬೇಸರಿಸುವ ಕಾರಣವೂ ಇಲ್ಲ. ವಾರಿಯಲ್ಲಿ ಒಂದೇ ಮುಕ್ಕಾಮು ನಡೆದು ಮನೆಗೆ ಬಂದವರ ತಟ್ಟೆಗೆ ಊಟ ಬಡಿಸುವಾಗ ಉಳಿದ ದಾರಿಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಬಾಕಿ ಉಳಿದ ಕಂತು ಅಲ್ಲೇ ಇರುತ್ತದೆ. ಅದನ್ನು ಮುಂದಿನ ವರ್ಷ ಕಟ್ಟಿದರಾಯಿತು.